ಫ್ಯಾನ್ ಹಚ್ಚು

ಬೆಂಗಳೂರಿನವರು ಫ್ಯಾನು ಹಾಕುತ್ತಾರೆ, ನಾವು ಹಚ್ಚುತ್ತೇವೆ. ದೀಪ ಹಚ್ಚಿದಂತೆ, ಸುಣ್ಣ ಹಚ್ಚಿದಂತೆ, ಸಸಿ ಹಚ್ಚಿದಂತೆ, ಇಬ್ಬರ ನಡುವೆ ಜಗಳ ಹಚ್ಚಿದಂತೆ. ನೌಕರಿಯ ಮೊದಲ ವರ್ಷ ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ನಾನು ‘ಫ್ಯಾನ್ ಹಚ್ಚೋ, ಶೆಕಿ ಭಾಳ ಆಗೇತಿ’ ಅಂದಾಗ ಮೈಸೂರು ಕಡೆಯ ಗೆಳೆಯ ಗಂಭೀರವಾಗಿ ಬೆಂಕಿಪೊಟ್ಟಣ ತಂದುಕೊಟ್ಟ. ಅಂದಿನಿಂದ ಆ ಶಬ್ದದ ಮೇಲೆ ನನಗೆ ಒಂದು ಕಣ್ಣು.

ನನ್ನ ಲೋಕ ಮೂರು ಊರಿನದು. ರೋಣ ಹುಟ್ಟಿದ ಊರು, ನರಗುಂದ ಹೆಂಡತಿಯ ತವರು, ಗಜೇಂದ್ರಗಡ ಅಕ್ಕನನ್ನು ಕೊಟ್ಟ ಊರು. ಮೂರೂ ಗದಗ ಜಿಲ್ಲೆಯವೇ, ಮೂರೂ ಕಡೆ ಬಿಸಿಲು ಒಂದೇ. ಆದರೆ ಫ್ಯಾನು ಅಂದರೆ ಒಂದೊಂದು ಕಡೆ ಒಂದೊಂದು. ರೋಣದ ನಮ್ಮ ಮನೆಯಲ್ಲಿ ಅದು ಜಂತಿಗೆ ಜೋತುಬಿದ್ದದ್ದು. ನರಗುಂದದ ಮಾವನವರಿಗೆ ಅದು ರಾಶಿ ಕಾಲಕ್ಕೆ ಕಣದಲ್ಲಿ ನಿಲ್ಲುವಂಥದ್ದು. ಗಜೇಂದ್ರಗಡದ ಅಕ್ಕನ ಮನೆಯಲ್ಲಿ ‘ಫ್ಯಾನಿನ ಕಡೆ ಹೋಗ್ಯಾರ’ ಎಂದರೆ ಭಾವ ಗುಡ್ಡ ಹತ್ತಿದ್ದಾರೆ ಎಂದೇ ಅರ್ಥ. ಗಾಳಿಯಿಂದ ಕರೆಂಟು ತೆಗೆಯುವ ಆ ಬಿಳಿ ಕಂಬಗಳಿಗೆ ಸರಕಾರದ ಕಾಗದಗಳಲ್ಲಿ ‘ಪವನ ವಿದ್ಯುತ್ ಘಟಕ’ ಎನ್ನುವ ಹೆಸರಿದೆ. ಆ ಹೆಸರು ಕಾಗದದಲ್ಲೇ ಸುಖವಾಗಿದೆ.

ಮೊದಲು ಜಂತಿಯ ಫ್ಯಾನಿನ ಮಾತು. ನಮ್ಮ ಆಯಿ ಅದನ್ನು ‘ಪಂಖಾ’ ಅನ್ನುತ್ತಿದ್ದಳು. ನನ್ನ ಅಪ್ಪ ‘ಫ್ಯಾನ್’ ಅನ್ನುತ್ತಾನೆ. ನಡುವೆ ‘ಬೀಸಣಿಕಿ’ ಎಂಬ ಒಳ್ಳೆಯ ಶಬ್ದವಿತ್ತು. ಅದು ಮದುವೆಯ ಸಾಮಾನಿನ ಪಟ್ಟಿಯಲ್ಲಿ ಉಳಿದುಕೊಂಡಿದೆ. ಫ್ಯಾನು ಮೆಲ್ಲಗೆ ತಿರುಗತೊಡಗಿದರೆ ರಿಪೇರಿಯವನು ನಿಚ್ಚಣಿಕೆ ಹತ್ತುವ ಮೊದಲೇ ‘ಕಂಡೆನ್ಸರ್ ಹೋಗೇತ್ರಿ’ ಅನ್ನುತ್ತಾನೆ. ನೂರಕ್ಕೆ ತೊಂಬತ್ತು ಸಲ ಅವನ ಮಾತು ಖರೆಯಾಗುತ್ತದೆ. ಉಳಿದ ಹತ್ತು ಸಲವೂ ಅವನು ಕಂಡೆನ್ಸರನ್ನೇ ಬದಲಿಸಿ ಹೋಗುತ್ತಾನೆ.

ಹಳೆಯ ಮಠ, ಕಲ್ಯಾಣಮಂಟಪಗಳಿಗೆ ಹೋದಾಗ ತಲೆಯೆತ್ತಿ ನೋಡಿ. ಫ್ಯಾನಿನ ರೆಕ್ಕೆಗಳ ಮೇಲೆ ಕೆಂಪು ಬಣ್ಣದಲ್ಲಿ ದಾನಿಗಳ ಹೆಸರು ಇರುತ್ತದೆ. ನಮ್ಮ ಕಾಕಾ ಒಂದು ಮಠದ ದಾಸೋಹದ ಪಡಸಾಲೆಗೆ ಹೀಗೇ ಒಂದು ಫ್ಯಾನು ಕೊಟ್ಟರು. ಮೂರು ರೆಕ್ಕೆ. ಒಂದರ ಮೇಲೆ ‘ಇವರ ಸ್ಮರಣಾರ್ಥ’ ಎಂದು ಅವರ ಅಪ್ಪನ ಹೆಸರು, ಎರಡನೆಯದರ ಮೇಲೆ ಅವ್ವನ ಹೆಸರು, ಮೂರನೆಯದರ ಮೇಲೆ ಸ್ವಂತದ್ದು, ಊರಿನ ಸಮೇತ. ಪೇಂಟರನಿಗೆ ಫ್ಯಾನಿಗಿಂತ ಸ್ವಲ್ಪವೇ ಕಡಿಮೆ ಹಣ ಹೋಯಿತು. ಜಾತ್ರೆಯ ದಿನ ಬೀಗರನ್ನೆಲ್ಲ ಕರೆದುಕೊಂಡು ಹೋಗಿ ಅದರ ಕೆಳಗೇ ಪಂಕ್ತಿಗೆ ಕೂರಿಸಿದರು. ಫ್ಯಾನು ಜೋರಾಗಿ ತಿರುಗುತ್ತಿತ್ತು. ಮೇಲೆ ನೋಡಿದರೆ ಮಸುಕು ಮಸುಕಾದ ಒಂದು ಕೆಂಪು ಬಳೆ, ಅಷ್ಟೆ. ಕಾಕಾ ಎರಡು ಸಲ ಕೆಮ್ಮಿದರು. ಆಮೇಲೆ ಎದ್ದುಹೋಗಿ ಗೋಡೆಯ ಬಟನ್ ಒತ್ತಿ ಬಂದರು. ರೆಕ್ಕೆ ನಿಧಾನವಾಗುತ್ತ ಬಂದು, ಅಪ್ಪನ ಹೆಸರಿನ ಮೊದಲ ಎರಡು ಅಕ್ಷರ ಕಂಡಿತೋ ಇಲ್ಲವೋ, ಪಂಕ್ತಿಯ ಆ ತುದಿಯಿಂದ ‘ಯಾಂವ ಅಂವ ಫ್ಯಾನ್ ಬಂದ್ ಮಾಡಿದಾಂವ? ಜೀಂವ ಹೊಂಟೇತಿಲ್ಲೆ!’ ಎಂದು ಕೂಗು ಬಂತು. ಯಾರೋ ಮತ್ತೆ ಹಚ್ಚಿದರು. ದಾನ ಕೊಟ್ಟವನ ಹೆಸರು ಓದಬೇಕಾದರೆ ಕರೆಂಟು ಹೋಗಬೇಕು. ಕರೆಂಟು ಹೋದರೆ ಕೊಟ್ಟವನಿಗೇ ಬೈಗುಳ. ಎಡಗೈಗೆ ಗೊತ್ತಾಗದಂತೆ ಬಲಗೈ ದಾನ ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಯಂತ್ರ ಯಾರೂ ಕಂಡುಹಿಡಿದಿಲ್ಲ.

ನರಗುಂದದ ಫ್ಯಾನು ಬೇರೆ ಜಾತಿಯದು. ಅಲ್ಲಿ ಎರೆಹೊಲ, ಹಿಂಗಾರಿ ಕಡಲೆ, ಬಿಳಿಜೋಳ. ಹಂತಿ ಕಟ್ಟಿ ಎತ್ತು ಸುತ್ತಿಸಿದ ಕಾಲದಲ್ಲಿ ಕಾಳು ತೂರಲು ಗಾಳಿಗೆ ಕಾಯಬೇಕಾಗಿತ್ತಂತೆ. ಒಂದೊಂದು ಸಲ ಗಾಳಿ ಎರಡು ದಿನ ಮುಖವನ್ನೇ ತೋರಿಸುತ್ತಿರಲಿಲ್ಲ. ರೊಟ್ಟಿ ಬುತ್ತಿ ಮುಗಿದು, ಹಂತಿ ಪದ ಮುಗಿದು, ಬಾಯಲ್ಲಿ ಎಲೆಯಡಿಕೆಯೂ ಮುಗಿದ ಮೇಲೆ ನಡುರಾತ್ರಿ ಬಂದು ಎಬ್ಬಿಸುತ್ತಿತ್ತು. ಎದ್ದು ತೂರಲೇಬೇಕು. ಗಾಳಿ ಬಂದಾಗ ತೂರಿಕೋ ಎನ್ನುವ ಗಾದೆಯನ್ನು ಈಗ ರಾಜಕಾರಣದವರು ಎತ್ತಿಕೊಂಡು ಹೋಗಿದ್ದಾರೆ. ಮೂಲತಃ ಅದು ನಿದ್ದೆಗೆಟ್ಟ ರೈತನ ಮಾತು. ಆಮೇಲೆ ಕೈಯಲ್ಲಿ ತಿರುವುವ ಫ್ಯಾನು ಬಂತು, ಟ್ರ್ಯಾಕ್ಟರಿಗೆ ಕಟ್ಟುವ ಫ್ಯಾನು ಬಂತು, ಈಗ ರಾಶಿ ಮಷೀನಿನ ಹೊಟ್ಟೆಯೊಳಗೇ ಫ್ಯಾನು ಕೂತಿದೆ.

ಮದುವೆಯಾದ ಮೊದಲ ವರ್ಷ ನಾನು ಅಲ್ಲಿ ಒಂದು ಸಾಹಸ ಮಾಡಿದೆ. ಮನೆ ಖರ್ಚಿಗೆಂದು ತಂದ ಅರ್ಧ ಚೀಲ ಕಡಲೆಯಲ್ಲಿ ಹೊಟ್ಟು ಬಹಳ ಇತ್ತು. ಅತ್ತೆಯವರು ಮೊರ ಹಿಡಿದು ಕೂರುವುದನ್ನು ನೋಡಲಾರದೆ, ಒಳಗಿನ ಸ್ಟ್ಯಾಂಡ್ ಫ್ಯಾನನ್ನು ಅಂಗಳಕ್ಕೆ ತಂದು, ಉದ್ದ ವೈರು ಎಳೆದು, ಪೂರ್ತಿ ಸ್ಪೀಡಿಗೆ ಇಟ್ಟು, ಬುಟ್ಟಿ ಎತ್ತಿ ಹಿಡಿದೆ. ಕಾಳು ಸರಿಯಾಗಿ ಕೆಳಗೆ ಬಿತ್ತು. ವಿಜ್ಞಾನ ಗೆದ್ದಿತು. ಹೊಟ್ಟು ಮಾತ್ರ ಕುಂಬಿ ದಾಟಿ, ಪಕ್ಕದ ಮನೆಯವರು ಹಳೆ ಸೀರೆಯ ಮೇಲೆ ಒಣಹಾಕಿದ್ದ ಹಸಿ ಸಂಡಿಗೆಯ ಮೇಲೆ ಸಮನಾಗಿ ಹರಡಿತು. ಒಂದು ಸಂಡಿಗೆಗೂ ಅನ್ಯಾಯವಾಗಲಿಲ್ಲ. ಆಚೆಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಮಾವನವರು ಮಾತ್ರ ತಂಬಾಕು ತಿಕ್ಕುತ್ತ ಸಮಾಧಾನವಾಗಿ, ‘ಅಳಿಯಂದ್ರ, ಗಾಳಿ ಬಂದಾಗ ತೂರಬೇಕು ಖರೆ. ಗಾಳಿ ಯಾ ಕಡೆ ಹೊಂಟೇತಿ ಅನ್ನೂದನ್ನೂ ಒಂದೀಟು ನೋಡಬೇಕು’ ಅಂದರು.

ಅವಮಾನ ಮರೆಯಲು ಊರಿಗೆ ಬಂದು ನಿಘಂಟು ತೆಗೆದೆ. ನೋಡಿದರೆ ತಪ್ಪು ನನ್ನದಲ್ಲ! ಇಂಗ್ಲಿಷಿನ ಫ್ಯಾನ್ ಹುಟ್ಟಿದ್ದೇ ಕಣದಲ್ಲಿ. ಲ್ಯಾಟಿನ್‌ನಲ್ಲಿ ‘ವನ್ನುಸ್’ ಅಂದರೆ ಕಾಳು ತೂರುವ ಬುಟ್ಟಿ, ನಮ್ಮ ಮೊರದ ದಾಯಾದಿ. ಅದೇ ಇಂಗ್ಲಿಷಿಗೆ ಬಂದು ಫ್ಯಾನ್ ಆಯಿತು. ಶತಮಾನಗಳು ಕಳೆದ ಮೇಲೆ ಹೆಂಗಸರ ಕೈಯ ಬೀಸಣಿಕೆ, ಆಮೇಲೆ ಕರೆಂಟಿನದು. ಅಂದರೆ ಫ್ಯಾನಿನ ಮೂಲ ಅರ್ಥ ಉಳಿದಿರುವುದು ಲಂಡನ್ನಿನಲ್ಲಲ್ಲ, ನರಗುಂದದ ಕಣದಲ್ಲಿ. ಈ ಸಂಶೋಧನೆಯನ್ನು ಫೋನು ಹಚ್ಚಿ ಮಾವನವರಿಗೆ ಹೇಳಿದೆ. ‘ಹೌದೇನ್ರಿ? ಸಂಡಿಗಿಯವರಿಗೂ ತಿಳಿಸ್ತೀನಿ’ ಅಂದರು.

ಇನ್ನೊಂದು ಫ್ಯಾನು ಇದೆ, ಅದು ಮನುಷ್ಯರೂಪದ್ದು. ಅಕ್ಕನ ಮಗ ಅಪ್ಪು ಫ್ಯಾನ್. ಬೈಕಿನ ಹಿಂದೆ ಪುನೀತ್ ಚಿತ್ರ, ಮೊಬೈಲಿನಲ್ಲಿ ಪುನೀತ್ ಹಾಡು. ಒಂದು ದಿನ ಆಯಿ ಅವನನ್ನು ಕೂರಿಸಿಕೊಂಡು, ಕೆಲಸ ಬಿಟ್ಟು ಏನು ಮಾಡುತ್ತಿದ್ದೀ ಎಂದು ವಿಚಾರಿಸಿದಳು. ‘ಆಯಿ, ನಾ ಅಪ್ಪು ಫ್ಯಾನ್’ ಎಂದ ಎದೆ ಉಬ್ಬಿಸಿ. ಆಯಿ ಹಣೆ ಬಡಿದುಕೊಂಡಳು. ‘ಅದಕ್ಕ ಹಗಲೆಲ್ಲಾ ತಿರಗತಿ.’

ಈ ಫ್ಯಾನು ಮೊರದ ಸಂತಾನವಲ್ಲ. ಇದರ ಬೇರು ‘ಫ್ಯಾನಟಿಕ್’, ಅದರ ಬೇರು ‘ಫಾನುಮ್’, ಲ್ಯಾಟಿನ್‌ನಲ್ಲಿ ದೇವಸ್ಥಾನ. ಗುಡಿಯಲ್ಲಿ ಮೈಮೇಲೆ ದೇವರು ಬಂದವನೇ ಮೂಲ ಫ್ಯಾನು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದ ಬೇಸ್‌ಬಾಲ್ ಹುಚ್ಚರು ಅದನ್ನು ಕತ್ತರಿಸಿ ಗಿಡ್ಡ ಮಾಡಿಕೊಂಡರು. ನಮ್ಮ ಡಾ. ರಾಜಕುಮಾರ್ ಯಾವ ಲ್ಯಾಟಿನ್ನೂ ಓದದೆ ‘ಅಭಿಮಾನಿ ದೇವರುಗಳೇ’ ಎಂದು ಕರೆದು, ಆ ಫ್ಯಾನನ್ನು ಮತ್ತೆ ಗುಡಿಯೊಳಗೇ ಕೂರಿಸಿದರು. ಈ ಸಲ ಭಕ್ತನ ಜಾಗದಲ್ಲಲ್ಲ, ಗರ್ಭಗುಡಿಯಲ್ಲಿ. ರೋಣದವರು ಈ ವಿಷಯದಲ್ಲಿ ಯಾರಿಗೂ ಕಡಿಮೆಯಿಲ್ಲ. ನಮ್ಮೂರ ಜೋಶಿಯವರ ಮನೆಯ ಹುಡುಗನೊಬ್ಬ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಹುಚ್ಚು ಹಿಡಿಸಿಕೊಂಡು, 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕುತ್ತ ಮನೆ ಬಿಟ್ಟು ಓಡಿಹೋದ. ಅವನೂ ತಿರುಗಿದ, ಗ್ವಾಲಿಯರ್ ತನಕ ತಿರುಗಿದ. ಭೀಮಸೇನ ಜೋಶಿಯಾಗಿ ಭಾರತರತ್ನ ತಂದ. ಇದನ್ನು ಹೇಳಿ ಅಕ್ಕನ ಮಗನಿಗೆ ಬುದ್ಧಿ ಕಲಿಸಲು ಹೋದೆ. ‘ನೋಡ್ ಮಾಮಾ, ನೀನ ಹೇಳಾಕತ್ತಿ, ಓಡಿ ಹ್ವಾದ್ರ ಛಲೋ ಆಗತೈತಿ ಅಂತ’ ಅಂದ. ಅಕ್ಕ ನನಗೆ ಎರಡು ದಿನ ಚಹಾ ಕೊಡಲಿಲ್ಲ.

ಆ ಹುಡುಗನ ಬಾಯಲ್ಲಿ ಪ್ಯಾನ್ ಇಂಡಿಯಾ ಸಿನಿಮಾ ಕೂಡ ‘ಫ್ಯಾನ್ ಇಂಡಿಯಾ ಪಿಚ್ಚರ್’. ತಿದ್ದಲು ಹೋಗಬೇಡಿ, ಅರ್ಥ ಅವನದೇ ಹೆಚ್ಚು ಸರಿ. ತಿರುಗುಮುರುಗಾದದ್ದೂ ಇದೆ. ಒಂದು ಕಚೇರಿಯಲ್ಲಿ ಗುಮಾಸ್ತರು ಮುದುಕರೊಬ್ಬರಿಗೆ ‘ಯಜಮಾನ್ರ, ಪ್ಯಾನ್ ಎಲ್ಲೈತ್ರಿ?’ ಎಂದು ಕೇಳಿದರು. ಮುದುಕರು ನಿಧಾನವಾಗಿ ತಲೆಯೆತ್ತಿ, ಕೋಲಿನಿಂದ ಛತ್ತಿನ ಕಡೆ ತೋರಿಸಿ, ‘ಅಲ್ಲೇ ಐತಲ್ರೀ. ಆದ್ರ ತಿರಗವಲ್ತು’ ಅಂದರು.

ಗುಡ್ಡದ ಫ್ಯಾನಿನ ಮಾತಿಗೆ ಬರುತ್ತೇನೆ. ಗಜೇಂದ್ರಗಡದ ಗುಡ್ಡಕ್ಕೆ ಮೊದಲಿನಿಂದಲೂ ಬೆಲೆ. ಕೋಟೆ ಕಟ್ಟಿದ್ದು ಅದರ ಮೇಲೆ, ಟಿಪ್ಪು ಮತ್ತು ಮರಾಠರು 1787ರಲ್ಲಿ ಒಪ್ಪಂದಕ್ಕೆ ಬಂದದ್ದು ಈ ಊರ ಹೆಸರಿನಲ್ಲಿ. ಆಗ ಎತ್ತರಕ್ಕೆ ಬೆಲೆ, ಈಗ ಗಾಳಿಗೆ. ಒಂದು ಸಲ ಬಾಡಿಗೆ ಜೀಪಿನಲ್ಲಿ ಅಲ್ಲಿಗೆ ಹೋಗುವಾಗ ನಡುದಾರಿಯಲ್ಲಿ ಫ್ಯಾನ್ ಬೆಲ್ಟ್ ಹರಿಯಿತು. ಬಾನೆಟ್ಟಿನಿಂದ ಹೊಗೆ. ಎದುರಿನ ಗುಡ್ಡದ ಮೇಲೆ ಸಾಲಾಗಿ ಬಿಳಿ ಫ್ಯಾನುಗಳು. ಡ್ರೈವರ್ ಬೀಡಿ ಹಚ್ಚಿ ಅವನ್ನೇ ನೋಡುತ್ತ, ‘ನೋಡ್ರಿ ಸರ, ಅವಕ್ಕ ಬೆಲ್ಟೂ ಇಲ್ಲ, ಡಿಸೇಲೂ ಇಲ್ಲ. ಹ್ಯಾಂಗ ಆರಾಮ ತಿರಗತಾವು’ ಅಂದ.

ಆರಾಮು ಅನ್ನುವುದು ಕಣ್ಣಿನ ಭ್ರಮೆ. ಮನೆಯ ಫ್ಯಾನು ನಿಮಿಷಕ್ಕೆ 350 ಸುತ್ತು ಹೊಡೆಯುತ್ತದೆ, ಗುಡ್ಡದ್ದು ಹದಿನೈದು ಹೊಡೆದರೆ ಹೆಚ್ಚು. ಆದರೆ ಅದರ ಒಂದೊಂದು ರೆಕ್ಕೆ ನಲವತ್ತು ಮೀಟರು ದಾಟುತ್ತದೆ. ಹಾಗಾಗಿ ರೆಕ್ಕೆಯ ತುದಿ ಓಡುವುದು ಗಂಟೆಗೆ 250 ಕಿಲೋಮೀಟರಿನ ಆಸುಪಾಸಿನಲ್ಲಿ. ಮನೆಯದು ಎಷ್ಟೇ ಗಡಗಡ ಅಂದರೂ 80. ಎರಡು ಮೆಗಾವಾಟಿನ ಒಂದು ಫ್ಯಾನು ಪೂರ್ತಿ ಗಾಳಿಯಲ್ಲಿ ತಿರುಗಿದರೆ 75 ವಾಟಿನ ಮನೆ ಫ್ಯಾನುಗಳನ್ನು ಇಪ್ಪತ್ತಾರು ಸಾವಿರದಷ್ಟು ತಿರುಗಿಸಬಹುದು. ಗುಡ್ಡದ ಫ್ಯಾನು ಗಾಳಿ ತಿಂದು ಕರೆಂಟು ಕೊಡುತ್ತದೆ, ಮನೆಯ ಫ್ಯಾನು ಕರೆಂಟು ತಿಂದು ಗಾಳಿ ಕೊಡುತ್ತದೆ. ಬೀಗತನ ಚೆನ್ನಾಗಿದೆ. ಒಂದೇ ತೊಂದರೆ, ಇಬ್ಬರಿಗೂ ಕಾಲ ಕೂಡಿಬರುವುದಿಲ್ಲ. ಗುಡ್ಡದ್ದಕ್ಕೆ ಹುರುಪು ಬರುವುದು ಮುಂಗಾರಿನ ಗಾಳಿಗೆ, ಜೂನ್‌ನಿಂದ ಸೆಪ್ಟೆಂಬರ್ ತನಕ. ಆಗ ನಾವು ಕೌದಿ ಹೊದ್ದು ಮಲಗಿರುತ್ತೇವೆ. ಏಪ್ರಿಲ್‌ನಲ್ಲಿ ನಾವು ಬೆವರುವಾಗ ಅದು ಎಷ್ಟೋ ದಿನ ಮೂರೂ ಕೈ ಚಾಚಿ ಸುಮ್ಮನೆ ನಿಂತಿರುತ್ತದೆ, ಪಗಾರ ಆಗದ ಮಾಸ್ತರರಂತೆ.

ಫ್ಯಾನು ಎಂದು ಹೆಸರಿಟ್ಟದ್ದಕ್ಕೆ ಒಂದು ಅಪವಾದವೂ ಗಂಟುಬಿದ್ದಿದೆ. ಮಳೆ ಕೈಕೊಟ್ಟ ವರ್ಷ ಕಟ್ಟೆಯ ಮೇಲೆ ಕೂತವರು, ‘ಈ ಫ್ಯಾನು ಬಂದ ಮ್ಯಾಲ ಮೋಡ ನಿಲ್ಲವಲ್ವು, ಎಲ್ಲಾ ಆ ಕಡೆ ಹಾರಿಸಿಬಿಡತಾವು’ ಅನ್ನುತ್ತಾರೆ. ಅದು ಗಾಳಿ ಬಿಡುವುದಿಲ್ಲ ಮಾರಾಯರೇ, ಬಂದ ಗಾಳಿಯ ಕಸುವನ್ನೇ ಕಿತ್ತುಕೊಳ್ಳುತ್ತದೆ, ಗಾಳಿ ಎತ್ತ ಕಡೆಯಿಂದ ಬಂದರೆ ಅತ್ತ ಕತ್ತು ತಿರುಗಿಸಿಕೊಂಡು ನಿಲ್ಲುತ್ತದೆ ಎಂದು ಎಷ್ಟು ಹೇಳಿದರೂ ನಂಬುವುದಿಲ್ಲ. ಅವರದೂ ತಪ್ಪಿಲ್ಲ. ಫ್ಯಾನು ಅಂದಮೇಲೆ ಗಾಳಿ ಬಿಡಲೇಬೇಕಲ್ಲ. ಗಿರಣಿ ಅಂತ ಕರೆದಿದ್ದರೆ ಜನ ಹಿಟ್ಟು ಬೀಸಿಸಲು ಹೋಗುತ್ತಿದ್ದರು.

ಹೊಲದಲ್ಲಿ ಫ್ಯಾನು ಇದ್ದವನ ಮರ್ಯಾದೆ ಬೇರೆ. ಕಂಪನಿಯವರು ವರ್ಷಕ್ಕಿಷ್ಟು ಎಂದು ಜಾಗದ ಬಾಡಿಗೆ ಕೊಡುತ್ತಾರೆ. ಮಳೆ ಬರಲಿ ಬಿಡಲಿ, ಅದು ಬರುತ್ತದೆ. ಗುಡ್ಡದಲ್ಲಿ ಇನ್ನೂ ಫ್ಯಾನು ಹೊಸದಾಗಿದ್ದಾಗ ಭಾವನ ಕಡೆಯ ಹುಡುಗನಿಗೆ ನರಗುಂದದಲ್ಲಿ ಹೆಣ್ಣು ನೋಡಲು ಹೋಗಿದ್ದೆವು. ಅವಲಕ್ಕಿ ಬಂತು, ಚಹಾ ಬಂತು. ಹುಡುಗನಿಗೆ ಆಸ್ತಿ ಏನು ಎಂಬ ಮಾತು ಬಂದಾಗ ನಮ್ಮ ಹಿರಿಯರು ಮೀಸೆ ತೀಡಿ, ‘ಹುಡುಗನ ಪಾಲಿಗೆ ಎರಡು ಫ್ಯಾನ್ ಅದಾವ್ರಿ’ ಅಂದರು. ಹೆಣ್ಣಿನ ದೊಡ್ಡಪ್ಪ ಬಸಿ ಕೆಳಗಿಟ್ಟರು. ‘ನಮ್ಮ ಮನ್ಯಾಗ ಐದ ಅದಾವ್ರಿ. ಎಮ್ಮಿ ಕಟ್ಟೂದ್ರಾಗೂ ಒಂದೈತಿ. ಮುಂದ ಹೇಳ್ರಿ.’ ಎಲ್ಲ ಬಿಡಿಸಿ ಹೇಳುವ ಹೊತ್ತಿಗೆ ಎರಡನೇ ಸಲ ಚಹಾ ಕಾಸಬೇಕಾಯಿತು. ಹೆಣ್ಣು ಒಪ್ಪಿತು. ಮದುವೆಯಲ್ಲಿ ಆಯೇರಿ ಬಂದದ್ದು ಏಳು ಟೇಬಲ್ ಫ್ಯಾನು.

ಆ ಏಳರಲ್ಲಿ ಒಂದು ಅಕ್ಕನ ಮನೆಗೆ ಬಂತು, ಆಯಿಯ ಮಂಚದ ಹತ್ತಿರ ಕೂತಿತು. ಅದು ಆಚೆ ಈಚೆ ಕತ್ತು ತಿರುಗಿಸುತ್ತ ಎಲ್ಲರಿಗೂ ಗಾಳಿ ಹಂಚುವುದು ಆಯಿಗೆ ಸರಿಬರುತ್ತಿರಲಿಲ್ಲ. ಬರುವಾಗ ಹೋಗುವಾಗ ಯಾರು ಸಿಕ್ಕರೂ ‘ಅದರ ಮೋತಿ ನನ್ನ ಕಡೆ ಮಾಡೋ’ ಅನ್ನುತ್ತಿದ್ದಳು.

ಅಂಥದೇ ಒಂದು ಏಪ್ರಿಲ್ ರಾತ್ರಿ ಕರೆಂಟು ಹೋಯಿತು. ಟೇಬಲ್ ಫ್ಯಾನು ಆಯಿಯ ಕಡೆಗೇ ಮೋತಿ ಮಾಡಿಕೊಂಡು ನಿಂತುಬಿಟ್ಟಿತು. ಎಲ್ಲರೂ ಕೌದಿ ಎತ್ತಿಕೊಂಡು ಮಾಳಿಗೆಗೆ ಬಂದೆವು, ಆಯಿಯನ್ನೂ ಮೆಲ್ಲಗೆ ಹತ್ತಿಸಿದೆವು. ಊರೆಲ್ಲ ಕತ್ತಲು. ಗುಡ್ಡದ ಮೇಲೆ ಮಾತ್ರ ಸಾಲಾಗಿ ಕೆಂಪು ದೀಪ, ಹತ್ತುವುದು, ಆರುವುದು. ಆಯಿ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು.

‘ಅವೇನ ಅವು?’

‘ಫ್ಯಾನ್ ಆಯಿ. ಗುಡ್ಡದ ಮ್ಯಾಲಿನವು.’

‘ಅಷ್ಟ ಅದಾವ?’

‘ಹೂಂ.’

ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಕ್ಕನ ಮಗನ ಕಡೆ ತಿರುಗಿ, ‘ಏ ತಮ್ಮಾ, ನೀ ಹೆಂಗೂ ತಿರಗಾಂವ. ನಾಳೆ ಆ ಕಡೆ ಹ್ವಾದಾಗ ಅದರಾಗಿಂದ ಒಂದರ ಮೋತಿ ಈ ಕಡೆ ಮಾಡಿ ಬಾ’ ಅಂದಳು.