ಕೂಸಿಗೆ ಮುಂಚೆ ಕುಲಾವಿ

ಜೂನ್ ಹತ್ತಿರ ಬಂತೆಂದರೆ ಆ್ಯಪಲ್ ಭಕ್ತರಿಗೆ ನಿದ್ದೆಯಿಲ್ಲ. ಕ್ಯಾಲಿಫೋರ್ನಿಯಾದ ಕುಪರ್ಟಿನೋದಲ್ಲಿ ನಡೆಯುವ ಡೆವಲಪರ್ ಸಮ್ಮೇಳನದಲ್ಲಿ ಕಂಪನಿಯವರು ಬಾಯಿ ಬಿಡುವ ಮೊದಲೇ, ಹೊಸ ಸಾಫ್ಟ್‌ವೇರಿನ ಜಾತಕ ಊರೆಲ್ಲ ಓಡಾಡಿರುತ್ತದೆ. ಬ್ಲೂಮ್‌ಬರ್ಗ್‌ನ ಸುದ್ದಿ ವರದಿಗಾರ ಮಾರ್ಕ್ ಗುರ್ಮನ್ ಅಂತೂ ಈ ವಿದ್ಯೆಯಲ್ಲಿ ಪಳಗಿದ ಜೋಯಿಸರು. ಐಫೋನಿನ ಸಾಫ್ಟ್‌ವೇರು ಐಒಎಸ್ 18 ಆದಮೇಲೆ 19 ಬರೋದಿಲ್ಲ, ನೇರ 26 ಅಂದರು, 2025ರಲ್ಲಿ. ಹಾಗೇ ಆಯಿತು! ಮಗ್ಗಿ ಬಾರದ ಹುಡುಗನೂ ಅಷ್ಟು ದೂರ ಹಾರುವುದಿಲ್ಲ.

ನನಗೆ ಬಹಳ ಪ್ರಿಯವಾದದ್ದು ಐಪ್ಯಾಡಿನ ಕ್ಯಾಲ್ಕುಲೇಟರ್ ವದಂತಿ. 2010ರಲ್ಲಿ ಹುಟ್ಟಿದ ಯಂತ್ರ. ಬರಬರುತ್ತಾ ಸಿನಿಮಾ ಎಡಿಟ್ ಮಾಡುವಷ್ಟು ಬೆಳೆಯಿತು. ಹಾಲಿನವನ ಲೆಕ್ಕ ಕೂಡೋಣವೆಂದರೆ ಮಾತ್ರ ಕಂಪನಿಯದೇ ಒಂದು ಕ್ಯಾಲ್ಕುಲೇಟರ್ ಇಲ್ಲ! ಕೊನೆಗೂ, ಈ ಸಲ ಬರುತ್ತದೆಂಬ ವದಂತಿಯಂತೆಯೇ, 2024ರ ಸಮ್ಮೇಳನದಲ್ಲಿ ಅದು ಪ್ರತ್ಯಕ್ಷವಾಯಿತು, ಬರಿಗೈಯಲ್ಲಲ್ಲ. ಪೆನ್ಸಿಲಿನಲ್ಲಿ ಲೆಕ್ಕ ಗೀಚಿ, ಪಕ್ಕದಲ್ಲಿ ಎರಡು ಅಡ್ಡಗೆರೆ ಎಳೆದರೆ ಸಾಕು, ನಮ್ಮದೇ ಕೈಬರಹದ ಧಾಟಿಯಲ್ಲಿ ಉತ್ತರ ಮೂಡುತ್ತದೆ. ಕಾಗೆಕಾಲು ಅಕ್ಷರದವರಿಗೆ ಉತ್ತರವೂ ಕಾಗೆಕಾಲೇ. ಮೇಷ್ಟ್ರಿಗೆ ಅನುಮಾನ ಬರುವ ಮಾತೇ ಇಲ್ಲ.

ತಮಾಷೆ ಇರುವುದು ಆ್ಯಪಲ್‌ನ ಧ್ವನಿ ಸಹಾಯಕಿ ಸಿರಿಯ ವಿಷಯದಲ್ಲಿ. ನಮ್ಮ ಮೇಲ್, ಮೆಸೇಜು ಎಲ್ಲ ಅರಿತು ಕೆಲಸ ಮಾಡಿಕೊಡುವ ಜಾಣೆ ಸಿರಿ ಬರುತ್ತಾಳೆಂದು 2024ರಲ್ಲಿ ಸಾರಿದ್ದು ಸಾಕ್ಷಾತ್ ಕಂಪನಿಯೇ. 2025ರ ಮಾರ್ಚ್‌ನಲ್ಲಿ, ಇನ್ನೂ ಸಮಯ ಬೇಕು ಎಂದಿತು. ಊರವರು ಆಡಿಕೊಂಡ ಕ್ಯಾಲ್ಕುಲೇಟರ್ ಬಂತು. ಬೀಗರೇ ಇಟ್ಟ ಮುಹೂರ್ತ ಮುಂದಕ್ಕೆ ಹೋಯಿತು!