ಪುಲ್ಲಿಂಗ್ ಇಲ್ಲದ ಗಾಡಿ

ಹಳೇ ಲಾರಿ ಇಟ್ಟವನಿಗೆ ಸಾಲ ಹುಟ್ಟದಿರಬಹುದು, ಸಲಹೆಗೆ ಮಾತ್ರ ಬರವಿಲ್ಲ. ನಮ್ಮ ಟಾಟಾ 1210ಗೆ ಪುಲ್ಲಿಂಗ್ ಹೋದಾಗ ಡೀಸೆಲ್ ಫಿಲ್ಟರ್ ಬದಲಾಯಿಸಿ ಅಂದರು, ಬದಲಾಯಿಸಿದೆ. ಲೈನಿಗೆ ಏರ್ ಹಿಡಿದಿದೆ ಅಂದರು. ಸ್ಕ್ರೂ ಸಡಿಲಿಸಿ, ನೊರೆ ನಿಂತು ಬರೀ ಡೀಸೆಲ್ ಬರುವವರೆಗೂ ಏರ್ ತೆಗೆಸಿದೆ. ಟ್ಯಾಪೆಟ್ ಆಯಿತು, ಬ್ರೇಕ್ ಡ್ರಮ್ಮು ಬಿಸಿಯಾಗಿದೆಯಾ ಎಂದು ಮುಟ್ಟಿ ನೋಡಿದ್ದಾಯಿತು, ಪಂಪು ಬಿಚ್ಚಿಸಿ ಬೆಂಚಿಗೆ ಹಾಕಿಸಿದ್ದೂ ಆಯಿತು. ಗ್ಯಾರೇಜಿನಲ್ಲಿ ಇಂಜಿನ್ನು ಬಲು ಸಾಧು. ಘಾಟಿಯಲ್ಲಿ ಮಾತ್ರ ಉಸಿರಿಲ್ಲ.

ಲ್ಯಾಪ್‌ಟಾಪ್ ಹಿಡಿದು ಬಂದ ಹುಡುಗನೊಬ್ಬ ಡ್ಯಾಶ್‌ಬೋರ್ಡ್ ಕೆಳಗೆ ಸಾಕೆಟ್ಟಿಗಾಗಿ ತಡಕಾಡಿ ಸುಸ್ತಾದ. ಈ ಗಾಡಿ ಬಾಯಿಬಿಡುವುದು ಸೈಲೆನ್ಸರಿನಲ್ಲಿ ಮಾತ್ರ ಕಣಪ್ಪಾ! ಕಪ್ಪು ಹೊಗೆಯಾದರೆ ಗಾಳಿ ಸಾಲದು, ಇಲ್ಲವೇ ಡೀಸೆಲ್ ಜಾಸ್ತಿ. ನೀಲಿಯಾದರೆ ಆಯಿಲ್ ಸುಡುತ್ತಿದೆ. ಬಿಳಿಯಾದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಅಥವಾ ನೀರು ಒಳಗೆ ನುಗ್ಗಿದೆ.

ಹಾಗಾಗಿ ಘಾಟಿಯಲ್ಲೇ ಹೊಗೆಯ ಬಣ್ಣ ನೋಡೋಣವೆಂದು ಮಂಗಳೂರು ಹಂಚಿನ ಲೋಡಿನ ಜೊತೆ ನಾನೂ ಹೊರಟೆ. ಸಂಜೆ ಸಕಲೇಶಪುರದಲ್ಲಿ ಆರತಕ್ಷತೆಯೊಂದಿತ್ತು. ಉಟ್ಟಿದ್ದು ಗರಿಗರಿ ಬಿಳಿ ಪಂಚೆ. ಗುಂಡ್ಯ ದಾಟಿ ಶಿರಾಡಿ ಏರು ಶುರುವಾದದ್ದೇ ಗಾಡಿ ಫಸ್ಟ್ ಗೇರಿಗೆ ಇಳಿಯಿತು. ನಾನು ರಸ್ತೆಗೇ ಇಳಿದೆ. ಪಕ್ಕದಲ್ಲಿ ಆರಾಮಾಗಿ ನಡೆಯಬಹುದಿತ್ತು.

“ಯಾವ ಬಣ್ಣ ಅಣ್ಣಾ?” ಡ್ರೈವರ್ ಕೂಗಿದ.

“ಬೂದಿ!”

“ಬೂದಿ ಲೆಕ್ಕದಲ್ಲಿಲ್ಲ. ಸರಿಯಾಗಿ ನೋಡಿ!”

ಕ್ಲೀನರ್ ಹುಡುಗ ನೀಲಿ ಅಂದ. ಕನ್ನಡಿಯಲ್ಲಿ ನೋಡಿದ ಡ್ರೈವರ್ ಕಪ್ಪು ಅಂದ. ಬಿಸಿಲಿನಲ್ಲಿ ನೀಲಿ, ಮರದ ನೆರಳಿಗೆ ಬಂದರೆ ಕಪ್ಪು. ವಾದ ಒಂದು ತಿರುವಿನಿಂದ ಇನ್ನೊಂದು ತಿರುವಿಗೆ ಬೆಳೆಯಿತು. ಕೊನೆಗೆ ಪಂಚೆಯ ತುದಿ ಎತ್ತಿ ಪೈಪಿನ ಬಾಯಿಗೆ ಅಡ್ಡ ಹಿಡಿದೆ. ಹಿಡಿದುಕೊಂಡೇ ನಡೆದೆ. ಹಿಂದಿನ ಕಾರುಗಳ ಹಾರನ್ನು ಮುಗಿಲು ಮುಟ್ಟಿತು. ಒಬ್ಬ ಪುಣ್ಯಾತ್ಮ ವಿಡಿಯೋ ಮಾಡಿದ. ಬಸ್ಸಿನ ಕಂಡಕ್ಟರ್ ತಲೆ ಹೊರಹಾಕಿ, “ಏನ್ ಸ್ವಾಮೀ, ಪಂಚೆಗೆ ಇಸ್ತ್ರಿನಾ?” ಎಂದ. ನಾನು ಉತ್ತರಿಸಲಿಲ್ಲ, ಬೆರಳಲ್ಲಿ ಮಸಿ ಉಜ್ಜುತ್ತಿದ್ದೆ. ಒಣ ಮಸಿ, ಆಯಿಲಿನ ಜಿಡ್ಡಿಲ್ಲ! “ಕಪ್ಪೂ!” ಎಂದು ಕಿರುಚಿ ತಲೆ ಎತ್ತಿದರೆ, ಲಾರಿ ಸಮತಟ್ಟು ಸಿಕ್ಕ ಖುಷಿಯಲ್ಲಿ ಮುಂದೆ ಹೋಗಿಬಿಟ್ಟಿತ್ತು.

ಓಡಿ ಹತ್ತಿದೆ. ಡ್ರೈವರ್ ನಗಲಿಲ್ಲ. “ಕಪ್ಪಾದ್ರೆ ಒಳ್ಳೇದಾಯ್ತಣ್ಣ. ಗಾಡಿ ಎಳೀಲಿಲ್ಲ ಅಂದ್ರೆ ಎಲ್ರಿಗೂ ಮೊದ್ಲು ಅನುಮಾನ ಬರೋದು ನನ್ನ ಕಾಲಿನ ಮೇಲೆ. ಲೇಟಾದ್ರೆ ಪಾರ್ಟಿಯವ್ರು ಬಯ್ಯೋದೂ ನಂಗೇ. ಪೆಡಲ್ ಪೂರ್ತಿ ತುಳ್ದೇ ಇರ್ತೀನಿ, ತೋರ್ಸೋದು ಯಾರಿಗೆ?” ಪಂಪಿನ ಬಿಲ್ಲು ಬರೆದವರಾಗಲೀ ಸಲಹೆ ಕೊಟ್ಟವರಾಗಲೀ ಇವನನ್ನು ಒಂದು ಮಾತು ಕೇಳಿರಲಿಲ್ಲ.

ಸಕಲೇಶಪುರದ ಹಳೇ ಮೆಕ್ಯಾನಿಕ್ ನನ್ನ ಪಂಚೆ ಮುಟ್ಟಿ ನೋಡಿ, ಬಾನೆಟ್ ಎತ್ತಿ, “ಪೂರ್ತಿ ರೇಸ್ ಕೊಡು” ಅಂದರು. ಏರ್ ಕ್ಲೀನರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಹೋಸು ಬಚ್ಚುಬಾಯಿಯ ಕೆನ್ನೆಯ ಹಾಗೆ ಒಳಕ್ಕೆ ಸೇದಿಕೊಂಡಿತು. ರೇಸ್ ಬಿಟ್ಟರೆ ಮತ್ತೆ ದುಂಡಗೆ. ಉಳಿದವರೆಲ್ಲ ಅದನ್ನು ಸ್ಲೋ ರನ್ನಿಂಗಿನಲ್ಲಿ ನೋಡಿ ಕೈಬಿಟ್ಟಿದ್ದರು.

ಹೊಸ ಹೋಸು ಹಾಕಿಸಿ ಆರತಕ್ಷತೆಗೆ ಹೋದೆ. ಪಂಚೆ ಏನಾಯಿತೆಂದು ಯಾರಾದರೂ ಕೇಳಲಿ ಎಂದೇ ಊಟದ ಸಾಲಿನಲ್ಲಿ ಎದ್ದು ಕಾಣುವಂತೆ ನಿಂತೆ. ಮದುಮಗಳ ಸೋದರಮಾವ ಕೇಳಿದರು. ಕಥೆ ಪೂರ್ತಿ ಕೇಳಿ ಹತ್ತಿರ ಬಂದು, “ನಮ್ದೂ ಒಂದು ಹಳೇ ಲೇಲ್ಯಾಂಡ್ ಆಚೆ ನಿಂತಿದೆ, ಪುಲ್ಲಿಂಗೇ ಇಲ್ಲ” ಎಂದರು. ಅವರ ಕಣ್ಣು ನನ್ನ ಪಂಚೆಯ ಇನ್ನೊಂದು ತುದಿಯ ಮೇಲಿತ್ತು.