ಎಷ್ಟು ಎಕರೆಗೆ ಎಷ್ಟನೇ ರ‍್ಯಾಂಕು?

ಸೀಟು ಕೊಡಿಸುವ ಮಹಾಶಯರಿಗೆ,

ಚಿಟಗುಪ್ಪದಿಂದ ಬರೆಯುತ್ತಿದ್ದೇನೆ.

ಹುಮನಾಬಾದಿನ ಲಾಡ್ಜೊಂದರಲ್ಲಿ ನೀವು ನಡೆಸಿದ ‘ಉಚಿತ ಅಡ್ಮಿಷನ್ ಮಾರ್ಗದರ್ಶನ’ಕ್ಕೆ ಮಕ್ಕಳನ್ನು ಕರೆದುಕೊಂಡು ಬಂದಿದ್ದ ತೊಗರಿ ಬೆಳೆಗಾರರಲ್ಲಿ ನಾನೂ ಒಬ್ಬ. ಚಹಾಕ್ಕೂ ಬಿಸ್ಕೀಟಿಗೂ ದುಡ್ಡು ಕೇಳಲಿಲ್ಲ. ಅಷ್ಟರಮಟ್ಟಿಗೆ ಫ್ಲೆಕ್ಸಿನಲ್ಲಿದ್ದ ‘ಉಚಿತ’ ಸುಳ್ಳಲ್ಲ ಎಂದು ಊರಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದೇನೆ.

ನಿಮ್ಮ ಕೆಲಸದ ವೇಗ ಕಂಡು ಬೆರಗಾದೆ. ಕೆಇಎ ಎಂಬ ಸರ್ಕಾರಿ ಸಂಸ್ಥೆ ಒಂದು ಎಂಜಿನಿಯರಿಂಗ್ ರ‍್ಯಾಂಕ್ ಕೊಡಲು ಎಷ್ಟು ಒದ್ದಾಡುತ್ತದೆ ನೋಡಿ. ಮೂರು ವಿಷಯಕ್ಕೆ ತಲಾ 60ರಂತೆ 180 ಅಂಕದ ಸಿಇಟಿ ಬರೆಸಿ, ಅದರಿಂದ ಅರ್ಧ, ಪಿಯುಸಿ ಅಂಕದಿಂದ ಅರ್ಧ ತೆಗೆದು ಕೂಡಿಸಿ, ಮನೆಮಂದಿಯ ನಿದ್ದೆಗೆಡಿಸಿ ಕೊನೆಗೊಂದು ಸಂಖ್ಯೆ ಕೈಗಿಡುತ್ತದೆ. ನೀವು ಮೂರೇ ಪ್ರಶ್ನೆಯಲ್ಲಿ ಮುಗಿಸಿದಿರಿ. “ಹೊಲ ಎಷ್ಟು ಎಕರೆ ಅದ ಕಾಕಾ?” ಹೇಳಿದೆ. “ನೀರಾವರಿನಾ?” ಅಲ್ಲ ಎಂದೆ, ನಿಮ್ಮ ಮುಖ ಬಾಡಿತು. “ರೋಡಿಗೆ ಹತ್ತಿರ ಅದನಾ?” ಮನ್ನಾಎಖೇಳಿ ಕಡೆ, 65ನೇ ಹೆದ್ದಾರಿಯ ಮಗ್ಗುಲಿಗೇ ಎಂದ ಕೂಡಲೇ ನನ್ನ ಮಗಳಿಗೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಖಾತ್ರಿಯಾಯಿತು. ಹೊರಗೆ ಬಂದ ಮೇಲೆ ಅವಳು, “ಅಪ್ಪಾ, ಅವರು ನನ್ ಮಾರ್ಕ್ಸ್ ಕೇಳೇ ಇಲ್ಲಲ್ಲ?” ಅಂದಳು. ಸಣ್ಣ ಹುಡುಗಿ, ವ್ಯವಹಾರ ತಿಳಿಯದು. ನೀವು ಬೇಜಾರಾಗಬೇಡಿ.

ನಿಮ್ಮ ಸೌಜನ್ಯಕ್ಕೆ ಇನ್ನೊಂದು ಉದಾಹರಣೆ: ಅಷ್ಟುದ್ದದ ಭಾಷಣದಲ್ಲಿ 371(ಜೆ) ಎಂಬುದನ್ನು ಒಮ್ಮೆಯೂ ಎತ್ತಿ ನಮ್ಮ ತಲೆ ಕೆಡಿಸಲಿಲ್ಲ. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಬೀದಿಯಲ್ಲಿ ಕೂತು ಹೋರಾಡಿದ ಮೇಲೆ, 2012ರಲ್ಲಿ ಸಂಸತ್ತು ಸಂವಿಧಾನಕ್ಕೆ ತಿದ್ದುಪಡಿ ಮಾಡಿ ಕೊಟ್ಟ ಕಲಮು ಅದು. ಅದರ ಪ್ರಕಾರ ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದೆಡೆ ನೂರಕ್ಕೆ 8 ಸೀಟು ನಮ್ಮ ಮಕ್ಕಳ ಪಾಲಿಗಿವೆ. ಬೇಕಾದದ್ದು ಸಹಾಯಕ ಆಯುಕ್ತರು ಕೊಡುವ ಒಂದು ಅರ್ಹತಾ ಪತ್ರ. ಅದಕ್ಕೆ ಬಸವಕಲ್ಯಾಣಕ್ಕೆ ಹೋಗಿಬಂದರಾಯಿತು. ಕೆಇಎ ಕಟ್ ಆಫ್ ಪಟ್ಟಿ ಹಾಕುವಾಗಲೂ ನಮ್ಮ ಭಾಗದ್ದನ್ನು ಬೇರೆಯಾಗಿಯೇ ತೋರಿಸುತ್ತದೆ. ನೀವು ಪರದೆಯ ಮೇಲೆ ತೋರಿಸಿದ್ದು ಆ ಪಟ್ಟಿಯಲ್ಲ, ಉಳಿದ ಕರ್ನಾಟಕದ್ದು. ಅದರಲ್ಲಿ ಚಿಟಗುಪ್ಪದ ಹುಡುಗಿಯ ರ‍್ಯಾಂಕ್ ಹುಡುಕಿದರೆ ತಂದೆಯಾದವನ ಎದೆ ಒಡೆಯುತ್ತದೆ. ಒಡೆದ ಎದೆಗೆ ಔಷಧ ನಿಮ್ಮ ಬ್ಯಾಗಿನಲ್ಲಿ ಸಿದ್ಧವೇ ಇತ್ತು: ‘ಮ್ಯಾನೇಜ್‌ಮೆಂಟಿನಲ್ಲಿ ಎರಡೇ ಎರಡು ಸೀಟು ಉಳಿದಾವ.’ ವಿಚಾರಿಸಿದೆ. ಪ್ರತಿ ಕಾಲೇಜಿನಲ್ಲೂ, ಪ್ರತಿ ವರ್ಷವೂ ಎರಡೇ ಉಳಿಯುತ್ತವಂತೆ.

ಎಲ್ಲ ತಪ್ಪನ್ನೂ ನಿಮ್ಮ ತಲೆಗೆ ಕಟ್ಟುವುದಿಲ್ಲ. ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5, ಹತ್ತು ವರ್ಷ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ನೂರಕ್ಕೆ 15 ಸೀಟು ಮೀಸಲಿವೆ. ಕೊಡಂಬಲ, ನಿರ್ಣಾದಂಥ ಊರುಗಳಿಂದ ಎಳೆ ಮಕ್ಕಳನ್ನು ಹಳದಿ ವ್ಯಾನಿಗೆ ತುಂಬಿ ಪಟ್ಟಣದ ಇಂಗ್ಲಿಷ್ ಮೀಡಿಯಮ್ಮಿಗೆ ಕಳಿಸಿ, ಎರಡನ್ನೂ ಒಂದೇ ಏಟಿಗೆ ಕಳೆದುಕೊಳ್ಳುವ ಜಾಣತನವನ್ನು ನಮ್ಮ ತಾಲ್ಲೂಕಿನವರಿಗೆ ಯಾರೂ ಕಲಿಸಲಿಲ್ಲ. ಅದಕ್ಕೂ ಫೀ ಕಟ್ಟಿಯೇ ಕಳಿಸಿದರು.

ಇನ್ನು ನಿಮ್ಮ ‘ಪ್ರೆಡಿಕ್ಟರ್’ ಪ್ಯಾಕೇಜು. ಯಾವ ಕಾಲೇಜು ಸಿಗಬಹುದೆಂದು ಹೇಳಲು ನೀವು ದುಡ್ಡು ಕೇಳುತ್ತೀರಿ. ಬೇಕಾದ ಕಾಲೇಜುಗಳ ಆಪ್ಷನ್ ತುಂಬಿದ ಮೇಲೆ, ಮೊದಲ ಸುತ್ತಿಗೆ ಮುಂಚೆ, ಕೆಇಎ ತಾನೇ ಅಣಕು ಸೀಟು ಹಂಚಿಕೆ ಮಾಡಿ, ಈ ಕ್ರಮದಲ್ಲಿ ಬಿಟ್ಟರೆ ನಿನಗೆ ಇಂಥದ್ದು ಬಿದ್ದೀತು ಎಂದು ಪುಕ್ಕಟೆ ತೋರಿಸುತ್ತದೆ. ಬೇಡವಾದರೆ ಕ್ರಮ ಬದಲಿಸಿಕೊಳ್ಳಲು ಅವಕಾಶವನ್ನೂ ಕೊಡುತ್ತದೆ. ಹೀಗೆ ಪುಕ್ಕಟೆ ಕೊಟ್ಟು ಮಾರುಕಟ್ಟೆ ಕೆಡಿಸುವ ಸರ್ಕಾರದ ಮೇಲೆ ನೀವು ದಾವೆ ಹೂಡಬೇಕು. “ಪಾಸ್‌ವರ್ಡ್ ಕೊಟ್ಟು ಹೋಗ್ರಿ, ನಾವೇ ತುಂಬ್ತೀವಿ” ಅಂದಿರಲ್ಲ, ಅದು ಮಾತ್ರ ಆಗಲಿಲ್ಲ. 2024ರ ಡಿಸೆಂಬರಿನಲ್ಲಿ ಬೆಂಗಳೂರು ಪೊಲೀಸರು ಅಭ್ಯರ್ಥಿಗಳ ಪಾಸ್‌ವರ್ಡ್ ಬಳಸಿ ಸೀಟು ಹಿಡಿದಿಟ್ಟ ‘ಸೀಟ್ ಬ್ಲಾಕಿಂಗ್’ ಆರೋಪದಲ್ಲಿ ಕೆಲವರನ್ನು ಹಿಡಿದ ಸುದ್ದಿ ಮಗಳು ಓದಿದ್ದಾಳೆ.

ಆದರೆ ನಿಮ್ಮ ಎಕರೆ ಪ್ರಶ್ನೆಯನ್ನು ಮನೆಗೆ ಬಂದು ಮತ್ತೆ ಯೋಚಿಸಿದೆ. ಕೇಳಿದ ಉದ್ದೇಶ ಏನೇ ಇರಲಿ, ಆ ಲಾಡ್ಜಿನಲ್ಲಿ ಯಾರಾದರೂ ಕೇಳಿದ ಒಳ್ಳೆಯ ಪ್ರಶ್ನೆ ಅದೊಂದೇ. ನಾವೆಲ್ಲ ‘ಸೀಟು ಸಿಗ್ತದೇನ್ರಿ’ ಎಂದು ಬಾಯಿ ಬಿಟ್ಟುಕೊಂಡು ಕೂತಿದ್ದೆವೇ ವಿನಾ ‘ನಾಲ್ಕು ವರ್ಷಕ್ಕೆ ಒಟ್ಟು ಎಷ್ಟಾಗ್ತದ’ ಎಂದು ಒಬ್ಬರೂ ಕೇಳಲಿಲ್ಲ. ನೀವೂ ಮೊದಲ ವರ್ಷದ ಫೀ ಬಿಟ್ಟು ಮುಂದಕ್ಕೆ ಹೋಗಲಿಲ್ಲ. ಹಾಗಾಗಿ ನಾನೇ ಕೂತು ಬರೆದೆ. ಫೀ ಬದಿಗಿರಲಿ. ಬೆಂಗಳೂರಿನ ಪಿಜಿಗೆ ತಿಂಗಳಿಗೆ 8 ಸಾವಿರ ಹಿಡಿದರೂ ವರ್ಷಕ್ಕೆ 96 ಸಾವಿರ, ನಾಲ್ಕು ವರ್ಷಕ್ಕೆ 3 ಲಕ್ಷ 84 ಸಾವಿರ. 2025-26ರ ತೊಗರಿ ಬೆಂಬಲ ಬೆಲೆ ಕ್ವಿಂಟಲಿಗೆ 8 ಸಾವಿರ. ಅಂದರೆ 48 ಕ್ವಿಂಟಲ್. ಒಣ ಬೇಸಾಯದಲ್ಲಿ ಎಕರೆಗೆ 4 ಕ್ವಿಂಟಲ್ ಹಿಡಿಯಿರಿ. 12 ಎಕರೆಯ ಒಂದು ವರ್ಷದ ಅಷ್ಟೂ ಕಾಳು ಬರೀ ಹಾಸಿಗೆಗೆ, ಅನ್ನ ಸಾರಿಗೆ. ಬೀಜ, ಗೊಬ್ಬರ, ಕಳೆ ಕೂಲಿ ಇದರಲ್ಲಿಲ್ಲ. ಮಂಡಿಯಲ್ಲಿ ಬೆಂಬಲ ಬೆಲೆಯೇ ಸಿಕ್ಕೀತು ಎಂಬುದಂತೂ ನನ್ನ ಆಶಾವಾದ.

ಇದರ ಮೇಲೆ ಪಂಚಾಂಗದ ತೊಡಕು ಬೇರೆ. ಮೃಗಶಿರಾ ಮಳೆಗೆ ಬಿತ್ತಿ ಕೈಯಲ್ಲಿದ್ದ ರೊಕ್ಕವೆಲ್ಲ ಮಣ್ಣಿಗೆ ಸೇರಿದ ಮೇಲೆಯೇ ಕೌನ್ಸೆಲಿಂಗ್ ಶುರುವಾಗುವುದು. ಸೀಟು ಸಿಕ್ಕರೆ ಕೆಲವೇ ದಿನದೊಳಗೆ ಕಟ್ಟಬೇಕು. ತೊಗರಿ ಮಾರುಕಟ್ಟೆಗೆ ಬರುವುದು ಡಿಸೆಂಬರಿಗೆ. ನಡುವಿನ ತಿಂಗಳುಗಳನ್ನು ದಾಟಿಸುವುದು ಹೆಂಡತಿಯ ಬಳೆ. ನಿಮ್ಮ ಮೇಳದ ಪಕ್ಕದಲ್ಲೇ ಬಂಗಾರ ಸಾಲದವರ ಮೇಜು ಇದ್ದದ್ದು ಕಾಕತಾಳೀಯ ಎಂದೇ ನಂಬಿದ್ದೇನೆ.

“ಭಾಲ್ಕಿ, ಬಸವಕಲ್ಯಾಣ, ಬೀದರಿನ ಕಾಲೇಜಿನಾಗ ಪ್ಲೇಸ್‌ಮೆಂಟ್ ಎಲ್ಲದ ಕಾಕಾ?” ಎಂದು ಮೂಗು ಮುರಿದಿರಿ. ಇರಬಹುದು. ಬಸ್ಸಿನಲ್ಲಿ ಹೋಗಿಬಂದು ಓದಬಹುದಾದ, ನೂರಕ್ಕೆ 70 ನಮ್ಮದೇ ಆದ ಕಾಲೇಜುಗಳ ಬಗ್ಗೆ ನಿಮಗೆ ಪ್ರೀತಿ ಹುಟ್ಟಲು ಕಾರಣವೂ ಇಲ್ಲ, ಕಮಿಷನ್ನೂ ಇಲ್ಲ. ನಿಮ್ಮ ಬಣ್ಣದ ಪುಸ್ತಕದಲ್ಲಿ ದೊಡ್ಡ ಪ್ಯಾಕೇಜಿನ ಒಬ್ಬ ಹುಡುಗ ನಗುತ್ತಿದ್ದಾನೆ. ಅವನ ಬೆಂಚಿನಲ್ಲಿ ಕೂತಿದ್ದ ಉಳಿದವರು ಈಗ ಏನು ಮಾಡುತ್ತಿದ್ದಾರೆ, ಅವರು ಎಷ್ಟನೇ ಪುಟದಲ್ಲಿದ್ದಾರೆ? ಪ್ರತಿ ಕೋರ್ಸಿನಲ್ಲಿ ನೂರಕ್ಕೆ 5 ಹೆಚ್ಚುವರಿ ಸೀಟುಗಳಿಗೆ, ವರ್ಷದ ಆದಾಯ 8 ಲಕ್ಷದೊಳಗಿನ ಮನೆಯ ಮಕ್ಕಳಿಗೆ, ಬೋಧನಾ ಶುಲ್ಕ ಮಾಫಿ ಎಂಬುದು ಯಾವ ಪುಟದಲ್ಲೂ ಕಾಣಲಿಲ್ಲ. ಮುದ್ರಣದೋಷವೇ ಇರಬೇಕು.

ಕೊನೆಗೆ ನಮ್ಮಿಬ್ಬರ ವ್ಯವಹಾರ. ‘ಡೊನೇಷನ್’ ಎಂಬ ಮಾತು ನಿಮ್ಮ ಬಾಯಿಂದ ಬರಲೇ ಇಲ್ಲ. ‘ಬಿಲ್ಡಿಂಗ್ ಫಂಡಿಗೆ ಒಂದಿಷ್ಟು ಸಹಕಾರ’ ಎಂದಿರಿ. ಕರ್ನಾಟಕದಲ್ಲಿ ಕ್ಯಾಪಿಟೇಷನ್ ನಿಷೇಧಿಸುವ ಕಾಯ್ದೆ 1984ರಿಂದ ಇದೆ. ಮೀರತ್ತಿನ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ತುಮಕೂರಿನ ಮೆಡಿಕಲ್ ಕಾಲೇಜೊಂದರ ವರ್ಷಕ್ಕೆ 60 ಸಾವಿರದ ಫೀ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ, 1992ರಲ್ಲಿ ಕೋರ್ಟು ಅದು ಶಿಕ್ಷಣವನ್ನು ಮಾರಿದಂತೆ ಎಂಬರ್ಥದಲ್ಲಿ ಝಾಡಿಸಿದ್ದೂ ಉಂಟು. ಇಷ್ಟೆಲ್ಲ ಇದ್ದೂ ನೀವು ಧೈರ್ಯದಿಂದ ಹುಮನಾಬಾದಿನ ತನಕ ಬಂದಿದ್ದೀರಿ, ಬರಿಗೈಯಲ್ಲಿ ಕಳಿಸುವುದು ಸರಿಯಲ್ಲ. ಸಹಕಾರ ಕೊಡುತ್ತೇನೆ. ನಗದು ಮಾತ್ರ ಬೇಡ, ನಮ್ಮ ಕಡೆ ರಸ್ತೆ ಸುರಕ್ಷಿತವಲ್ಲ. ಚೆಕ್ಕಿನಲ್ಲೇ ಬರೆದುಕೊಡುತ್ತೇನೆ, ರಸೀದಿಯಲ್ಲಿ ‘ಸೀಟಿಗಾಗಿ ಪಡೆದದ್ದು’ ಎಂದು ಕಾಣಿಸಿದರೆ ಸಾಕು.

ಚೆಕ್ ಯಾರ ಹೆಸರಿಗೆ ಬರೆಯಲಿ, ಮರುಟಪಾಲಿನಲ್ಲಿ ತಿಳಿಸಿ.

ಇತಿ ನಿಮ್ಮ ವಿಶ್ವಾಸಿ,
ಚಿಟಗುಪ್ಪದ ಒಬ್ಬ ತಂದೆ